ಮಾತೆಯ ಗವಿಯ ಕಲ್ಲುದೋಣಿ

ಅರಸೀಕೆರೆಯಲ್ಲಿ ಬೆಳಗ್ಗೆ ಆರೂಕಾಲಿನ ಬಸ್ಸು ಹತ್ತಿದಾಗ ಕಂಡಕ್ಟರ್ ಕೇಳಿದ ಮೊದಲ ಮಾತೇ, "ಒಬ್ರೇನಾ ಅಮ್ಮ?" ಹೌದಪ್ಪ, ಒಬ್ಬಳೇ. ಆಧಾರ್ ಕಾರ್ಡು ತೋರಿಸಿದೆ. ಯಂತ್ರದಿಂದ ಸೊನ್ನೆ ರೂಪಾಯಿಯ ಟಿಕೆಟ್ಟು ಎಳೆದು ಕೈಗಿಟ್ಟ. ಪ್ರೈಮರಿ ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಯಜಮಾನರು ಹೋಗಿ ನಾಲ್ಕು ವರ್ಷವಾಯಿತು, ಮಕ್ಕಳಿಲ್ಲ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಹುಡುಕುವ ಕಷ್ಟವೇನೂ ಇಲ್ಲ. ಆದರೂ ಯಾರಾದರೂ ಕೇಳಿದಾಗಲೆಲ್ಲ ಒಳಗೆ ಚುರ್ ಎನ್ನುತ್ತದೆ.

ಮೈಸೂರಿಗೆ ಹೊರಟದ್ದು ಅರಮನೆ ನೋಡಲಿಕ್ಕಲ್ಲ, ಜಗಳವಾಡಲಿಕ್ಕೆ. ನನ್ನ ಜೊತೆ ಪಾಠ ಮಾಡುತ್ತಿದ್ದ ಫಿಲೋಮಿನಾ ಟೀಚರ್ ಸೆಪ್ಟೆಂಬರಿನಲ್ಲಿ ಮಾತೆಯ ಹಬ್ಬಕ್ಕೆಂದು ಮೈಸೂರಿನ ಒಂದು ಚರ್ಚಿಗೆ ಹೋಗಿ ಬಂದಿದ್ದರು. ಬರುವಾಗ ಅಲ್ಲಿನ ಮಾತೆಯ ಗವಿಯ ನೀರು ಒಂದು ಬಾಟಲಿ, ಆ ಗವಿಯ ಚರಿತ್ರೆಯೆಂದು ಎಂಟು ಪುಟದ ಒಂದು ಪುಸ್ತಿಕೆ ತಂದುಕೊಟ್ಟರು. ಗವಿಯೆಂದರೆ ಬೆಟ್ಟದ ಗವಿಯಲ್ಲ. ಚರ್ಚಿನ ಅಂಗಳದಲ್ಲಿ ಬಯಲಿಗೇ ಕಲ್ಲು ಪೇರಿಸಿ, ಗವಿಯ ಆಕಾರ ಕೊಟ್ಟು, ಒಳಗೆ ಮರಿಯಮ್ಮನವರನ್ನು ನಿಲ್ಲಿಸಿರುತ್ತಾರಲ್ಲ, ಅದು. ಫೋಟೋ ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮಪ್ಪ ಕಟ್ಟಿದ ಗವಿ ಅದು!

ಪುಸ್ತಿಕೆ ಓದಿದೆ. ಓದುತ್ತ ಓದುತ್ತ ಮೈ ಉರಿದುಹೋಯಿತು. ಅಭ್ಯಾಸಬಲ ನೋಡಿ, ಕೆಂಪು ಪೆನ್ನು ತೆಗೆದುಕೊಂಡು ಮೂರು ಕಡೆ ಗೆರೆ ಎಳೆದೆ. ಹೆಸರು ತಿಳಿಯದ ಭಕ್ತರು ಗವಿಯನ್ನು ಕಟ್ಟಿದರಂತೆ. ಮಾತೆಯನ್ನು ತೊಳೆದ ನೀರು ಬೀಳುವ ಕಲ್ಲುದೋಣಿಯನ್ನು, ಜನ ತಲೆಬಾಗಿ ವಿನಯ ಕಲಿಯಲಿ ಎಂದೇ ಅಷ್ಟು ತಗ್ಗಿನಲ್ಲಿ ಇಟ್ಟರಂತೆ. ಅದರ ಕೆಳಗೆ ಕೊರೆದಿರುವ ಅರ್ಧಚಂದ್ರವು ಮಾತೆಯ ಪಾದದಡಿಯ ಚಂದ್ರನಂತೆ. ಮೂರೂ ತಪ್ಪು. ನಮ್ಮಪ್ಪ ಭಕ್ತನೂ ಅಲ್ಲ, ಹೆಸರಿಲ್ಲದವನೂ ಅಲ್ಲ, ಗಾರೆ ಮೇಸ್ತ್ರಿ. ಕೊನೆಯ ಪುಟದಲ್ಲಿ, ಗವಿ ಬಿರುಕು ಬಿಟ್ಟಿದೆ, ಹೊಸದಾಗಿ ಕಟ್ಟುತ್ತೇವೆ, ಜೊತೆಗೆ ಹೊಸ ಪುಸ್ತಿಕೆಯನ್ನೂ ಅಚ್ಚು ಹಾಕಿಸುತ್ತೇವೆ ಎಂದಿತ್ತು. ಅಷ್ಟರೊಳಗೆ ಹೋಗಿ ಅಪ್ಪನ ಹೆಸರು ಬರೆಸಿಯೇ ಬರುವುದೆಂದು ಹಟ ಹಿಡಿದು, ಅಕ್ಟೋಬರಿನ ಕೊನೆಯ ಶುಕ್ರವಾರ ಹೊರಟೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚರ್ಚಿನ ಹೆಸರಾಗಲಿ, ಅದು ಇರುವ ಬೀದಿಯಾಗಲಿ ಇಲ್ಲಿ ಬರೆಯುವುದಿಲ್ಲ. ಯಾಕೆಂಬುದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ಹಾಸನದಲ್ಲಿ ಬಸ್ಸು ಬದಲಿಸಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೊಳೆನರಸೀಪುರ ದಾಟಿದ ಮೇಲೆ ಮೋಡ ಮುಚ್ಚಿಕೊಂಡು ತಣ್ಣಗಿನ ಗಾಳಿ ಶುರುವಾಯಿತು. ಕೆ.ಆರ್. ನಗರದಲ್ಲಿ ಹತ್ತು ನಿಮಿಷ ನಿಲ್ಲಿಸಿದರು. ಹದಿನೈದು ರೂಪಾಯಿಗೆ ಟೀ, ಅದೂ ಕಾಗದದ ಲೋಟದಲ್ಲಿ ಎರಡು ಗುಟುಕು. ಪಕ್ಕದ ಸೀಟಿನಾಕೆ ಮಗಳ ಬಾಣಂತನಕ್ಕೆ ಹೊರಟಿದ್ದರು. ಮಡಿಲಲ್ಲಿ ಕೊಬ್ಬರಿ, ಬೆಲ್ಲ, ತುಪ್ಪದ ಡಬ್ಬಿ. "ನೀವ್ ಯಾರ್ ಮನೆಗೆ?" ಎಂದು ಕೇಳಿದರು. ಯಾರ ಮನೆಗೂ ಅಲ್ಲ, ಲಾಡ್ಜಿಗೆ ಎಂದೆ. ಪಾಪ, ಆಮೇಲೆ ಆಕೆ ಇಲವಾಲದವರೆಗೂ ಕಣ್ಣು ಮುಚ್ಚಿ ಕೂತರು.

ಮೈಸೂರು ತಲುಪಿದಾಗ ಹನ್ನೆರಡೂವರೆ ದಾಟಿತ್ತು. ಬಸ್ ನಿಲ್ದಾಣದ ಹತ್ತಿರ ಆರುನೂರೈವತ್ತಕ್ಕೆ ರೂಮು. ಅಲ್ಲಿಯೂ ಮ್ಯಾನೇಜರ್ ಕನ್ನಡಕದ ಮೇಲಿಂದ ನೋಡಿ "ಒಬ್ರೇನಾ ಮೇಡಂ?" ಎಂದ. "ಯಾಕಪ್ಪ, ಒಬ್ಬರಿಗೆ ಹಾಸಿಗೆ ಕೊಡೋಲ್ವಾ?" ಎಂದು ರೇಗಿದೆ. ಅವನು ಪೆಚ್ಚಾಗಿ ಬೀಗದ ಕೈ ಕೊಟ್ಟ. ಊಟ ಮುಗಿಸಿ ಬೀದಿಗೆ ಬಂದರೆ, ದಸರಾ ಮುಗಿದ ಮೇಲಿನ ಮೈಸೂರು. ಏಣಿ ಹಾಕಿಕೊಂಡು ದೀಪದ ಸರಗಳನ್ನು ಬಿಚ್ಚಿ, ಸುತ್ತಿ ಸುತ್ತಿ ಮೂಟೆ ಕಟ್ಟುತ್ತಿದ್ದರು. ಹಬ್ಬಕ್ಕೆ ಬಂದವರೆಲ್ಲ ಹೊರಟುಹೋದ ಮನೆಗೆ ತಡವಾಗಿ ಬಂದ ನೆಂಟಳ ಹಾಗೆ ನನಗೆ ಸಂಕೋಚವಾಯಿತು.

ಮೊದಲು ವಿದ್ಯಾರಣ್ಯಪುರಂಗೆ ಸಿಟಿ ಬಸ್ಸು ಹಿಡಿದೆ. ಅಪ್ಪ ನಂಜನಗೂಡಿನ ಕಡೆಯ ಹಳ್ಳಿಯಿಂದ ಕರಣೆ, ತೂಕದ ಗುಂಡು, ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಬಂದು ಅಲ್ಲೇ ಬಾಡಿಗೆಗಿದ್ದರು. ನನಗೆ ಆರು ತುಂಬುವ ಮೊದಲೇ ಅವ್ವ ಹೋದಳು. ನೋಡಿಕೊಳ್ಳುವವರು ಯಾರೂ ಇಲ್ಲದೆ ಅಪ್ಪ ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ನಾವಿದ್ದ ವಠಾರ ಈಗಿಲ್ಲ. ಅಪ್ಪ ಕಟ್ಟಿದ ಐದಾರು ಮನೆಗಳು ಆ ಸುತ್ತಿನಲ್ಲೇ ಇದ್ದವು. ಒಂದೊಂದೇ ಬೀದಿ ತಿರುಗಿದೆ. ಒಂದರ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ, ಇನ್ನೊಂದು ಕಾರು ನಿಲ್ಲಿಸುವ ಜಾಗ, ಮತ್ತೊಂದು ಎಲ್ಲಿತ್ತೆಂದೇ ತಿಳಿಯಲಿಲ್ಲ. ಅಪ್ಪ ಹೋಗಿ ಮೂವತ್ತು ವರ್ಷದ ಮೇಲಾಯಿತು. ಹೆಬ್ಬೆಟ್ಟು ಒತ್ತುತ್ತಿದ್ದವರು, ಒಂದು ಕಾಗದದ ಮೇಲೂ ಅವರ ಅಕ್ಷರವಿಲ್ಲ. ಅವರು ಈ ಊರಿನಲ್ಲಿ ಬದುಕಿದ್ದರು ಎನ್ನುವುದಕ್ಕೆ ಉಳಿದದ್ದು ಆ ಗವಿಯೊಂದೇ ಎಂದು ಅಲ್ಲಿ ಬೀದಿಯಲ್ಲಿ ನಿಂತಾಗ ಖಾತ್ರಿಯಾಯಿತು. ಅಳು ಬಂತು. ಎಳನೀರಿನವನು ನೋಡುತ್ತಿದ್ದನೆಂದು ನುಂಗಿಕೊಂಡೆ.

ಚರ್ಚಿನ ಅಂಗಳಕ್ಕೆ ಹೋದಾಗ ಐದೂವರೆ. ಅಕ್ಟೋಬರ್ ತಿಂಗಳಿಡೀ ಸಂಜೆ ಆರಕ್ಕೆ ಗವಿಯ ಮುಂದೆ ಜಪಸರದ ಪ್ರಾರ್ಥನೆಯಂತೆ. ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ನಾನು ಹಿಂದೆ ನಿಂತು ನೋಡಿದೆ. ಎಷ್ಟು ಚಿಕ್ಕದು! ನನ್ನ ನೆನಪಿನಲ್ಲಿ ಅದು ಬೆಟ್ಟದಷ್ಟಿತ್ತು. ಈಗ ನೋಡಿದರೆ ಎರಡಾಳೆತ್ತರದ ಕಲ್ಲುಗುಪ್ಪೆ, ಮೇಲೆ ಆಲದ ಬೇರು ಇಳಿದು ಒಂದು ಪಕ್ಕ ಬಾಯಿಬಿಟ್ಟಿತ್ತು. ಒಳಗೆ ನೀಲಿ ನಡುಪಟ್ಟಿಯ ಮಾತೆ. ಮಾತೆ ನಿಂತ ಕಟ್ಟೆಯ ಉತ್ತರಕ್ಕೆ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ಮೊಳದುದ್ದದ ಕಲ್ಲುದೋಣಿ ಹೊರಗೆ ಚಾಚಿಕೊಂಡಿತ್ತು. ಅದರ ಕೆಳಗಿನ ಗೋಡೆಗಲ್ಲಿನಲ್ಲಿ ಅರ್ಧಚಂದ್ರ. ಜನರ ಕೈ ಸವರಿ ಸವರಿ ನುಣ್ಣಗಾಗಿತ್ತು.

ಅದು ಹೇಗೆ ಬಂತೆಂದು ಹೇಳುತ್ತೇನೆ. ಆ ಚರ್ಚಿನ ಆಗಿನ ಗುರುಗಳು ಉದ್ದ ಗಡ್ಡದವರು. ಫ್ರಾನ್ಸಿನಲ್ಲಿ ಮಾತೆ ಕಾಣಿಸಿಕೊಂಡಳೆನ್ನುವ ಗವಿಯದೊಂದು ಚಿತ್ರದ ಕಾರ್ಡು ತೋರಿಸಿ, ಹೀಗೆ ಕಟ್ಟು ಮೇಸ್ತ್ರಿ ಎಂದಿದ್ದರು. ಅಪ್ಪನಿಗೆ ಗೊತ್ತಿದ್ದದ್ದು ಊರುಗಳ ಗುಡಿ ಕೆಲಸ. ಕಟ್ಟೆ ಎಬ್ಬಿಸುವಾಗ ಕೈ ತಾನಾಗಿಯೇ ಉತ್ತರಕ್ಕೆ ಇಳಿಜಾರು ಕೊಟ್ಟು, ಗುಡಿಗಳಲ್ಲಿ ಅಭಿಷೇಕದ ನೀರು ಹೊರಗೆ ಬೀಳಲು ಇಡುವಂಥ ದೋಣಿಯನ್ನೂ ಕಡೆದುಬಿಟ್ಟಿತು. ಗುರುಗಳು ಬಂದು ನೋಡಿ, "ಇದೇನು ಮೇಸ್ತ್ರಿ? ನಾವು ಮಾತೆಗೆ ನೀರು ಹಾಕೋದಿಲ್ವಲ್ಲ" ಎಂದರು.

"ಇವತ್ ಆಕಾಕಿಲ್ಲ ಬುದ್ಧಿ, ನಾಳೀಕೆ ಆಕ್ತೀರಿ. ಬಯಲಲ್ ನಿಂತಮ್ಮ, ಧೂಳ್ ಬೀಳಾಕಿಲ್ವಾ?" ಎಂದರು ಅಪ್ಪ. ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಸೇರಿಸಿದರು. "ನಮ್ಮೂರ್ ಗುಡಿಯೊಳೀಕೆ ನಮ್ ಜನ ಓಗಂಗಿರ್ನಿಲ್ಲ ಬುದ್ಧಿ. ಎಲ್ರೂ ಓದ್ಮೇಲೆ ಗೋಡೆಯಾಚೆ ದೋಣೀಲಿ ಬಂದ್ ನೀರೇ ನಮ್ಗೆ ತೀರ್ಥ. ಗುಡಿ ಅಂದ್ಮೇಲೆ ಒರಗ್ ನಿಂತೋರ್ಗೂ ಏನಾರ ಬರ್ಬೇಕಲ್ವಾ?" ಗುರುಗಳು ಇರಲಿ ಬಿಡು ಎಂದು ಅಪ್ಪನ ಬೆನ್ನು ತಟ್ಟಿ ಹೋದರು.

ಎತ್ತರ ಗೊತ್ತುಮಾಡುವಾಗ ಅಪ್ಪ ನನ್ನನ್ನು ಕರೆದರು. ಆಗ ನನಗೆ ಏಳು ವರ್ಷ. "ಬಾ ಮಗ, ಬೊಗಸೆ ಒಡ್ಡು." ಗೋಡೆಗೆ ಒತ್ತಿ ಎರಡೂ ಕೈ ಒಡ್ಡಿದೆ. ಉಳಿಯ ತುದಿಯಿಂದ ನನ್ನ ಬೊಗಸೆಯ ಅಡಿಗುಂಟ ಕಲ್ಲಿನ ಮೇಲೆ ಗೆರೆ ಎಳೆದರು. ಉಳಿ ತಣ್ಣಗಿತ್ತು, ಕಚಗುಳಿಯಾಗಿ ನಕ್ಕೆ. ಆ ಗೆರೆಗೆ ಸರಿಯಾಗಿ ಮೇಲೆ ದೋಣಿ ಕೂರಿಸಿದರು. "ಮಕ್ಳಿಗೆ ಎಟುಕ್ಬೇಕು. ದೊಡ್ಡೋರು ಬೇಕಾರೆ ಬಗ್ತಾರೆ" ಎಂದರು. ಆಮೇಲೆ ಆ ಗೆರೆಯನ್ನು ಉಳಿಯಿಂದಲೇ ಆಳ ಮಾಡಿದರು, ಯಾಕೋ ಏನೋ. ಪುಸ್ತಿಕೆ ಹೇಳುವ ಚಂದ್ರ ಎಂದರೆ ಇಷ್ಟೇ, ಅದು ನನ್ನ ಬೊಗಸೆ.

ಜಪಸರ ಮುಗಿದ ಮೇಲೆ ಈಗಿನ ಗುರುಗಳನ್ನು ಕಂಡೆ. ಮೂವತ್ತೈದರ ಆಸುಪಾಸಿನ, ಮೆಲುದನಿಯ ಮನುಷ್ಯ. ಪುಸ್ತಿಕೆಯನ್ನು ಮುಂದಿಟ್ಟು ಅಪ್ಪನ ಹೆಸರು ಹೇಳಿದೆ, ಗವಿ ಕಟ್ಟಿದ್ದು ಅವರೇ ಎಂದೆ. ಕೆಂಪು ಗೆರೆಗಳನ್ನು ನೋಡಿ ಅವರಿಗೆ ನಗು ಬಂತು.

"ಟೀಚರ್, ಬೇಜಾರ್ ಮಾಡ್ಕೋಬೇಡಿ. ನಮ್ಮ ತಾತ ಕಟ್ಟಿದ್ದು ಅಂತ ಇಬ್ಬರು ಆಗಲೇ ಬಂದು ಹೋಗಿದ್ದಾರೆ. ಕಮಿಟಿಯವರು ಬರೀ ಮಾತಿಗೆ ಒಪ್ಪೋದಿಲ್ಲ. ಕಟ್ಟಿದವರಿಗೆ ಮಾತ್ರ ಗೊತ್ತಿರುವಂಥದ್ದು, ಕಲ್ಲಿನಲ್ಲಿ ತೋರಿಸುವಂಥದ್ದು ಏನಾದ್ರೂ ಇದ್ರೆ ಹೇಳಿ. ಹೆಸರು ಹಾಕಿಸೋದು ನನ್ನ ಜವಾಬ್ದಾರಿ."

"ಇದೆ ಫಾದರ್" ಎಂದೆ. ಅಷ್ಟರಲ್ಲಿ ಸಂಜೆಯ ಪೂಜೆಗೆ ಗಂಟೆ ಹೊಡೆಯಿತು. ನಾಳೆ ಒಂಬತ್ತಕ್ಕೆ ಎಂಜಿನಿಯರ್ ಬರುತ್ತಾರೆ, ಅವರ ಎದುರಿಗೇ ತೋರಿಸಿ ಎಂದು ಹೇಳಿ ಅವರು ಎದ್ದರು. ನಾನು ಗೆದ್ದವಳ ಹಾಗೆ ಲಾಡ್ಜಿಗೆ ಬಂದೆ. ಈ ಸುದ್ದಿಯನ್ನು ಯಾರಿಗಾದರೂ ಹೇಳಬೇಕೆನಿಸಿತು. ಫೋನಿನಲ್ಲಿ ಹೆಸರುಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿ ಪಕ್ಕಕ್ಕಿಟ್ಟೆ.

ಶನಿವಾರ ಬೆಳಗ್ಗೆ ಎಂಟಕ್ಕೇ ಹೋದೆ. ಶನಿವಾರ ಮಾತೆಯನ್ನು ತೊಳೆಯುವ ದಿನ. ಮಂಡಿ ಮೊಹಲ್ಲಾದಿಂದ ಬರುವ ಮಾರ್ತಮ್ಮ ಎಂಬ ಎಪ್ಪತ್ತು ದಾಟಿದ ಹೆಂಗಸು ಕೊಳಾಯಿಯ ಕೆಳಗೆ ಬಕೆಟ್ಟು ಇಟ್ಟು ಕೂತಿದ್ದರು. ಆಗಲೇ ಏಳೆಂಟು ಜನ ಬಾಟಲಿ, ಚೊಂಬು ಹಿಡಿದು ಕಾಯುತ್ತಿದ್ದರು. ಅರಸೀಕೆರೆಯಿಂದ ಬಂದೆ ಎಂದಷ್ಟೇ ಹೇಳಿ ಪಕ್ಕದಲ್ಲಿ ಕೂತು, ಇದು ಯಾವಾಗ ಶುರುವಾಯಿತೆಂದು ಕೇಳಿದೆ.

"ನಾನ್ ಮದ್ವೆಯಾಗ್ ಬಂದಾಗ್ಲೇ ಇತ್ತು ಕಣಮ್ಮ ಈ ದೋಣಿ. ಯಾತಕ್ ಮಡಗವ್ರೆ ಅಂತ ಯಾರ್ಗೂ ಗೊತ್ತಿರ್ನಿಲ್ಲ. ಒಂದ್ಸಲ ರೋಡ್ ಕೆಲ್ಸ ನಡೀತಿತ್ತು, ಮಾತೆ ಮೈಯೆಲ್ಲಾ ಕೆಂಧೂಳು. ನೋಡಾಕಾಗ್ದೆ ನಮ್ಮತ್ತೆ ಒಂದ್ ಕೊಡ ನೀರ್ ಸುರಿದ್ಬುಟ್ರು. ನೋಡುದ್ರೆ ಅಷ್ಟೂ ನೀರು ಈಚೆಗ್ ಬಂದ್ ಬಿತ್ತು! ನನ್ ಮಗಳು ಚಿಕ್ಕೋಳು, ಓಡ್ ಬಂದು ಬೊಗಸೆ ಒಡ್ಡಿ ಕುಡುದ್ಬುಟ್ಲು. ಜ್ವರ ಇತ್ತು, ಇಳೀತು. ಅವತ್ನಿಂದ ಒಂದ್ ಶನಿವಾರಾನೂ ತಪ್ಸಿಲ್ಲ. ಈಗ ಎಲ್ಲಾ ಜಾತಿಯೋರೂ ಬತ್ತಾರೆ."

ಧೂಳು ಬೀಳಾಕಿಲ್ವಾ ಎಂದಿದ್ದರಲ್ಲ ಅಪ್ಪ! ಬಿದ್ದಿತ್ತು. ಮಾರ್ತಮ್ಮನ ಮುಂದೆಯೇ ಕಣ್ಣೊರೆಸಿಕೊಂಡೆ. ಗವಿಯ ಮುಂದೆ ಅಳುವವರನ್ನು ಅವರು ಬೇಕಾದಷ್ಟು ನೋಡಿರಬೇಕು.

ಮಾರ್ತಮ್ಮ ಎದ್ದು, ಸೊಂಟದ ಮೇಲೆ ಕೈಯಿಟ್ಟು ಕಷ್ಟಪಟ್ಟು ಬಗ್ಗಿ, ಆ ಗೆರೆಯನ್ನು ಮುಟ್ಟಿ ಬೆರಳು ತುಟಿಗೆ ಒತ್ತಿಕೊಂಡರು. "ಮಾತೆ ಕಾಲ್ ಕೆಳಗಿನ್ ಚಂದ್ರ ಕಣಮ್ಮ. ನನ್ ಮಗಳು ಕ್ಯಾನ್ಸರ್ ಬಂದ್ ಓದ್ಲು. ಅವ್ಳು ಚಿಕ್ಕೋಳಾಗಿದ್ದಾಗ ಇಲ್ಲೇ ಕೈ ಮಡಗ್ತಿದ್ಲು. ಮನೇಲಿ ಅವ್ಳ್ದು ಏನೂ ಉಳ್ದಿಲ್ಲ, ಅಳಿಯ ಎಲ್ಲಾ ತಕ್ಕೊಂಡೋದ. ನಂಗೆ ಅವ್ಳ್ ಸಿಗೋದು ಇಲ್ಲೊಂದೇ ಜಾಗ." ಇಷ್ಟು ಹೇಳಿ ಮತ್ತೆ ಬಕೆಟ್ಟಿನ ಹತ್ತಿರ ಹೋದರು.

ಒಂಬತ್ತಕ್ಕೆ ಸರಿಯಾಗಿ ಗುರುಗಳು, ಎಂಜಿನಿಯರ್ ಬಂದರು. ಎಂಜಿನಿಯರ್ ರಾಜೀವನಗರದವರು, ಕೈಯಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್. ಕೆಟ್ಟವರೇನಲ್ಲ. ದೋಣಿಯನ್ನು ಅಳೆದು ತಲೆಯಾಡಿಸಿದರು.

"ಫಾದರ್, ಮೊನ್ನೆನೇ ಹೇಳಿದ್ನಲ್ಲ, ಇಷ್ಟು ಕೆಳಗೆ ಬಗ್ಗೋಕೆ ವಯಸ್ಸಾದೋರಿಗೆ ಎಲ್ಲಾಗತ್ತೆ? ಕಟ್ಟೆ ಎತ್ತರಿಸಿ ನಾಲ್ಕಡಿಗೆ ಸ್ಟೀಲಲ್ಲಿ ಇಟ್ಬಿಡೋಣ. ಈ ಗೋಡೆಗಲ್ಲೂ ಬಿರುಕು. ತೆಗೆದು ಹೊಸ ಗ್ರಾನೈಟ್ ಹಾಕೋಣ."

"ಅದು ಚಂದ್ರ ಇರೋ ಕಲ್ಲು" ಎಂದರು ಗುರುಗಳು. "ಬಗ್ಗಿ ಹಿಡೀಬೇಕು ಅನ್ನೋದು ಹಿರಿಯರ ಉದ್ದೇಶ. ಅದಕ್ಕೇ ಬೇಡ ಅಂದಿದ್ದು."

"ಅಂಥ ಅರ್ಥ ನಿಜವಾಗ್ಲೂ ಇದ್ರೆ ಬಿರುಕಿಗೆ ಕಂಬಿ ಕೊಟ್ಟು ಇದೇ ಕಲ್ಲನ್ನ ಉಳಿಸ್ತೀನಿ ಫಾದರ್, ದೋಣೀನೂ ಮುಟ್ಟೋಲ್ಲ. ಸುಮ್ನೆ ಯಾರೋ ಕೆಲಸದವರು ಗೀಚಿರೋ ಗೆರೆ ಆಗಿದ್ರೆ ಯಾಕೆ ಇಷ್ಟು ಖರ್ಚು?"

ಗುರುಗಳು ನನ್ನ ಕಡೆ ತಿರುಗಿದರು. "ಟೀಚರ್, ನಿಮ್ಮ ತಂದೆ ಕಟ್ಟಿದ್ದು ಅಂದ್ರಲ್ಲ. ನೀವೇ ಹೇಳಿ. ಇದು ಚಂದ್ರನೇ ತಾನೇ? ತಗ್ಗಿನಲ್ಲಿ ಇಟ್ಟಿದ್ದು ಬಗ್ಗಲಿ ಅಂತಲೇ ತಾನೇ?"

ಅಯ್ಯೋ ದೇವರೇ ಎನಿಸಿತು. ಅರಸೀಕೆರೆಯಿಂದ ಬಾಯಿಗೆ ತುಂಬಿಕೊಂಡು ಬಂದಿದ್ದ ಮಾತು ಇದಕ್ಕೆ ತದ್ವಿರುದ್ಧವಾಗಿತ್ತು. ಚಂದ್ರ ಅಲ್ಲ ಫಾದರ್, ಏಳು ವರ್ಷದ ಹುಡುಗಿಯ ಬೊಗಸೆ, ಇಗೋ ನಾನೇ ಆ ಹುಡುಗಿ. ಅಷ್ಟು ಹೇಳಿದರೆ ಸಾಕು, ಅಪ್ಪನ ಹೆಸರು ಪುಸ್ತಿಕೆಯಲ್ಲಿ ಬರುತ್ತಿತ್ತು. ಆ ಮಾತಿಗೇ ಅಪ್ಪ ಕೂರಿಸಿದ ಕಲ್ಲು ಲಾರಿ ಹತ್ತುತ್ತಿತ್ತು. ಹೊಸ ಗ್ರಾನೈಟಿನ ಮೇಲೆ ಹೆಸರು ಕೆತ್ತಿಸಿದರೂ ಅದರಡಿಯಲ್ಲಿ ಅಪ್ಪನ ಕೈ ಇರುತ್ತಿರಲಿಲ್ಲ. ಮಾರ್ತಮ್ಮ ಬಕೆಟ್ಟು ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

ಸುಳ್ಳು ಹೇಳಿದ ಮಕ್ಕಳನ್ನು ಮೂವತ್ತೆಂಟು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. "ನೀವು ಬರೆದಿರೋದೇ ಸರಿ ಫಾದರ್" ಎಂದೆ. "ದೊಡ್ಡೋರು ಬಗ್ತಾರೆ ಅಂತ ಅಪ್ಪನೇ ಹೇಳಿದ್ದರು." ಆ ಎರಡನೆಯ ಮಾತು ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎಂಜಿನಿಯರ್ ಟೇಪು ಸುತ್ತಿ ಜೇಬಿಗಿಟ್ಟರು. "ಸರಿ ಬಿಡಿ, ಮುಟ್ಟೋಲ್ಲ" ಎಂದರು. ಗುರುಗಳಿಗೆ ಸಂತೋಷವಾಯಿತು. ಆಮೇಲೆ ನೆನಪಾಗಿ, "ನಿನ್ನೆ ಏನೋ ತೋರಿಸ್ತೀನಿ ಅಂದಿದ್ರಿ" ಎಂದರು.

"ಇಲ್ಲ ಫಾದರ್. ನನ್ನ ಹತ್ರ ತೋರಿಸೋಕೆ ಅಂಥದ್ದೇನೂ ಇಲ್ಲ."

"ಹಾಗಾದ್ರೆ ಹೆಸರು ಹಾಕೋದು ಕಷ್ಟ ಆಗತ್ತಲ್ಲ ಟೀಚರ್." ಅವರಿಗೆ ನಿಜವಾಗಿಯೂ ನೋವಾಗಿತ್ತು.

"ಬೇಡ ಬಿಡಿ" ಎಂದೆ. ಆ ಎರಡು ಮಾತಿನಲ್ಲಿ ಅಪ್ಪನನ್ನು ಇನ್ನೊಂದು ಸಲ ಕಳೆದುಕೊಂಡೆ.

ಅವರು ಹೋದ ಮೇಲೆ ಮಾರ್ತಮ್ಮ ಒಳಗೆ ಹೋಗಿ ಕಟ್ಟೆ ಹತ್ತಿದರು. "ನಮೋ ಮರಿಯೆ" ಎನ್ನುತ್ತ ಮಾತೆಯ ತಲೆಯ ಮೇಲಿಂದ ನೀರು ಸುರಿದರು. ಅಲ್ಲಿಂದಲೇ ಕೂಗಿದರು, "ದೂರದಿಂದ ಬಂದವ್ರೆ, ಮೊದ್ಲು ಆ ಟೀಚರಮ್ಮ ಇಡ್ಕೊಳ್ಲಿ!" ಕಾಯುತ್ತಿದ್ದವರು ಸರಿದು ದಾರಿ ಬಿಟ್ಟರು. ಮೊಣಕಾಲು ಚಟಚಟ ಎಂದಿತು, ಬಗ್ಗಲು ಆಗಲಿಲ್ಲ, ಕೊನೆಗೆ ನೆಲಕ್ಕೇ ಕೂತುಬಿಟ್ಟೆ. ಗೋಡೆಗೆ ಒತ್ತಿ ಬೊಗಸೆ ಒಡ್ಡಿದೆ. ನನ್ನ ಈಗಿನ ಕೈ ದೊಡ್ಡದು, ಗೆರೆ ಪೂರ್ತಿ ಮುಚ್ಚಿಹೋಯಿತು. ನೀರು ಬಂತು. ಅಪ್ಪ ಗೊತ್ತು ಮಾಡಿದ ಜಾಗಕ್ಕೇ ಬಂದು ಬಿತ್ತು, ಒಂದು ಹನಿಯೂ ಆಚೆ ಈಚೆ ಆಗಲಿಲ್ಲ.

ಲಾಡ್ಜು ಖಾಲಿ ಮಾಡಿ ಒಂದೂವರೆಯ ಹಾಸನದ ಬಸ್ಸು ಹತ್ತಿದೆ. ತೊಡೆಯ ಮೇಲೆ ನೀರಿನ ಬಾಟಲಿ. ಕೆ.ಆರ್. ನಗರದ ಹತ್ತಿರ ಸಣ್ಣಗೆ ಮಳೆ ಹನಿಯಿತು. ಕಂಡಕ್ಟರ್ ಬಂದು ಮಾಮೂಲಿನಂತೆ "ಒಬ್ರೇನಾ?" ಎಂದ. ಹೌದು ಎಂದೆ. ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಪುಸ್ತಿಕೆಯೊಳಗೆ ಇಟ್ಟುಕೊಂಡೆ. ನಾನೇ ಎಳೆದ ಮೂರು ಕೆಂಪು ಗೆರೆಗಳು ಕಣ್ಣಿಗೆ ಬಿದ್ದವು. ಅವನ್ನು ಅಳಿಸಲು ಬರುವುದಿಲ್ಲ.

ಚರ್ಚಿನ ಹೆಸರು ಯಾಕೆ ಬರೆಯಲಿಲ್ಲವೆಂದು ಈಗ ತಿಳಿಯಿತಲ್ಲ. ಮೈಸೂರಿನಲ್ಲಿ ಎಲ್ಲಾದರೂ ಬಯಲಿನ ಗವಿಯೊಂದರ ಪಕ್ಕ, ಮಕ್ಕಳ ಎತ್ತರಕ್ಕೆ ಕಲ್ಲುದೋಣಿಯೊಂದು ಕಂಡರೆ ನೀವೂ ಬಗ್ಗಿ ನೀರು ಹಿಡಿಯಿರಿ. ಅಲ್ಲಿರುವುದು ಚಂದ್ರನೇ ಎಂದು ಯಾರಾದರೂ ಹೇಳಿದರೆ ಹೌದೆನ್ನಿ. ಅದನ್ನು ಕಟ್ಟಿದ ನಮ್ಮಪ್ಪನ ಹೆಸರು ಮಾದಯ್ಯ. ನಿಮಗೆ ಗೊತ್ತಿರಲಿ, ಅಲ್ಲಿ ಮಾತ್ರ ಹೇಳಬೇಡಿ.